ಪಿಸ್ಟನ್ ನೆಬುಲೈಸರ್: ಬಿಚ್ಚಿ ನೋಡಿದವನ ಅಭಿಪ್ರಾಯ

ಕೊಪ್ಪಳದ ಗಡಿಯಾರ ಕಂಬದ ಹತ್ತಿರ ನನ್ನದೊಂದು ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಬೋರ್‌ವೆಲ್ ಮೋಟಾರ್, ಮಿಕ್ಸಿ, ಫ್ಯಾನು, ಕೂಲರ್, ಇವೇ ನನ್ನ ಕೆಲಸ. ಔಷಧಿಯನ್ನ ಮಂಜಿನ ಥರ ಮಾಡಿ ಉಸಿರಿನ ಜೊತೆ ಒಳಗೆ ಕಳಿಸೋ ನೆಬುಲೈಸರ್ ಅನ್ನೋದು ಕೊರೊನಾಕ್ಕೆ ಮುಂಚೆ ನನ್ನ ಟೇಬಲ್ ಮೇಲೆ ಬಂದೇ ಇರಲಿಲ್ಲ. ಅದು ಆಸ್ಪತ್ರೆಯಲ್ಲಿ ಇರೋ ಮಷಿನ್ ಅಷ್ಟೇ. 2022ರ ಮಳೆಗಾಲ ಮುಗಿಯೋ ಹೊತ್ತಿಗೆ ಒಂದೊಂದಾಗಿ ರಿಪೇರಿಗೆ ಬರತೊಡಗಿದವು. ಈಗ ಥಂಡಿ ದಿನ ಬಂತೆಂದರೆ ಮಿಕ್ಸಿಗಳ ಪಕ್ಕದಲ್ಲಿ ಇವೂ ಸಾಲಾಗಿ ಕೂತಿರುತ್ತವೆ. ನಮ್ಮ ಮನೆಯಲ್ಲೂ ಒಂದಿದೆ. ಬಳಸೋನೂ ನಾನೇ, ಬಿಚ್ಚಿ ಜೋಡಿಸೋನೂ ನಾನೇ ಆಗಿರೋದರಿಂದ ಕೊಳ್ಳಬೇಕಾ ಬೇಡವಾ ಅಂತ ಕೇಳೋರಿಗೆ ಹೇಳೋದಕ್ಕೆ ಸ್ವಲ್ಪ ಇದೆ.

ಕಂಪನಿ ಹೆಸರು ಬರೆಯೋದಿಲ್ಲ. ನಮ್ಮ ಕಡೆ ಮೆಡಿಕಲ್ ಶಾಪ್‌ಗಳಲ್ಲಿ ಸಿಗೋ ಎರಡು ಸಾವಿರ ರೂಪಾಯಿ ಆಸುಪಾಸಿನ ಮಷಿನ್‌ಗಳನ್ನ ಬಿಚ್ಚಿದರೆ ಒಳಗೆ ಹೆಚ್ಚುಕಮ್ಮಿ ಒಂದೇ ಥರ. ಒಂದು ಚಿಕ್ಕ ಮೋಟಾರ್, ಅದರ ಶಾಫ್ಟಿಗೆ ಒಂದು ಪಿಸ್ಟನ್, ಗಾಳಿ ಒಳಗೆ ಬರೋ ದಾರಿಯಲ್ಲಿ ಬೆರಳ ತುದಿಯಷ್ಟು ಫಿಲ್ಟರ್. ಪಿಸ್ಟನ್ ಒತ್ತಿದ ಗಾಳಿ ಪೈಪಿನಲ್ಲಿ ಹೋಗಿ, ಔಷಧಿ ಕಪ್ಪಿನ ತಳದ ಸಣ್ಣ ತೂತಿನಿಂದ ಜೋರಾಗಿ ಹೊರಗೆ ಬರುತ್ತದೆ. ಆ ರಭಸಕ್ಕೆ ಔಷಧಿ ಮೇಲಕ್ಕೆ ಎಳೆದುಕೊಂಡು ಬಂದು, ಒಳಗಿನ ತಡೆಗೆ ಬಡಿದು, ಪುಡಿ ಪುಡಿ ಹನಿಯಾಗುತ್ತದೆ. ಹನಿ ಐದು ಮೈಕ್ರಾನಿಗಿಂತ ಚಿಕ್ಕದಾಗಿದ್ದರೆ ಶ್ವಾಸಕೋಶದ ಆಳಕ್ಕೆ ಹೋಗುತ್ತದೆ. ದೊಡ್ಡದಾದರೆ ಬಾಯಿ, ಗಂಟಲಲ್ಲೇ ಉಳಿಯುತ್ತದೆ. ಇಲ್ಲಿ ಬಿಸಿನೀರೂ ಇಲ್ಲ, ಆವಿಯೂ ಇಲ್ಲ. ಇದನ್ನ ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಕಪ್ಪಿಗೆ ನೀಲಗಿರಿ ಎಣ್ಣೆ ಹಾಕಿ ಜಿಡ್ಡು ಕಟ್ಟಿಸಿಕೊಂಡು ತಂದವರನ್ನ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಎಣ್ಣೆ ಶ್ವಾಸಕೋಶಕ್ಕೆ ಹೋದರೆ ಅದರಿಂದಲೇ ನ್ಯುಮೋನಿಯಾ ಆಗಬಹುದು. ಡಾಕ್ಟರ್ ಬರೆದ ಔಷಧಿ, ಅವರು ಹೇಳಿದ ಸಲೈನ್, ಇವೆರಡು ಬಿಟ್ಟು ಬೇರೆ ಏನೂ ಆ ಕಪ್ಪಿಗೆ ಹೋಗಬಾರದು.

ನಮ್ಮ ಮನೆಗೆ ಮಷಿನ್ ಬಂದ ಕಾರಣ ಹೇಳುತ್ತೇನೆ. ಇಷ್ಟು ಮನೆಗಳಿಗೆ ಇದು ಬಂದದ್ದರ ಹಿಂದೆಯೂ ಬಹುಶಃ ಅದೇ ಕಾರಣ ಇದೆ.

ಮಗಳು ಹುಟ್ಟಿದ್ದು 2020ರ ಜೂನ್‌ನಲ್ಲಿ. ತೊಟ್ಟಿಲಿಗೆ ಹಾಕೋ ಕಾರ್ಯಕ್ಕೂ ಮನೆಯವರಷ್ಟೇ ಇದ್ದೆವು. ಅಂಗಡಿಯಿಂದ ಬಂದು ಸ್ನಾನ ಮಾಡದೆ ನಾನು ಕೂಸನ್ನ ಮುಟ್ಟುತ್ತಿರಲಿಲ್ಲ. ಎರಡು ವರ್ಷ ಆಗಾಗ ಮೂಗು ಸೋರಿದ್ದು ಬಿಟ್ಟರೆ ಅವಳಿಗೆ ಏನೂ ಆಗಲಿಲ್ಲ. "ಕೂಸು ಭಾಳ ಗಟ್ಟಿ ಐತಿ ನೋಡು" ಅಂತ ನಮ್ಮವ್ವ ಓಣಿಯವರಿಗೆಲ್ಲ ಹೇಳುತ್ತಿದ್ದಳು. 2022ರ ಆಗಸ್ಟಿನಲ್ಲಿ ಮಗ ಹುಟ್ಟಿದ. ಅಷ್ಟೊತ್ತಿಗೆ ಮಾಸ್ಕ್ ಹೋಗಿತ್ತು, ಅಂಗನವಾಡಿ ತೆರೆದಿತ್ತು, ಮದುವೆ, ಸಂತೆ ಎಲ್ಲಾ ಮೊದಲಿನಂತಾಗಿತ್ತು. ದಸರಾ ಮುಗಿದ ಮೇಲೆ ಮಗಳಿಗೆ ಜ್ವರ, ಕೆಮ್ಮು, ಉಸಿರು ಬಿಟ್ಟರೆ ಎದೆಯಲ್ಲಿ ಸುಂಯ್ ಅನ್ನೋ ಸದ್ದು. ಅವಳಿಂದ ತಮ್ಮನಿಗೂ ಬಂತು.

ಮಗನನ್ನ ನೋಡಿ ನಮಗೆ ಕೈಕಾಲೇ ಆಡಲಿಲ್ಲ. ಎರಡು ಗುಟುಕು ಹಾಲು ಕುಡಿದು ಬಿಟ್ಟುಬಿಡುತ್ತಿದ್ದ. ಅಂಗಿ ಎತ್ತಿದರೆ, ಉಸಿರು ಎಳೆದಾಗಲೆಲ್ಲ ಪಕ್ಕೆಯ ಕೆಳಗೆ ಗುಳಿ ಬೀಳುತ್ತಿತ್ತು. ಮೂಗಿನ ಹೊಳ್ಳೆ ಅಗಲ ಆಗುತ್ತಿತ್ತು. ಡಾಕ್ಟರ್ ನೋಡಿದ ತಕ್ಷಣ ಅಡ್ಮಿಟ್ ಮಾಡಿಕೊಂಡರು. ಆಕ್ಸಿಜನ್ ಇಟ್ಟರು, ಮೂಗಿನ ಸಿಂಬಳ ತೆಗೆಸಿದರು, ಸ್ವಲ್ಪ ಸ್ವಲ್ಪವೇ ಹಾಲು ಕುಡಿಸಲು ಹೇಳಿದರು. ಪಕ್ಕದ ಬೆಡ್ಡಿನಲ್ಲಿ ದೊಡ್ಡ ಹುಡುಗನಿಗೆ ಮಷಿನ್ ಹಚ್ಚಿದ್ದರು. ನಮ್ಮ ಕೂಸಿಗೂ ಹಚ್ಚಿರಿ ಅಂತ ನಾನು ಕೇಳಿದೆ.

"ಇಷ್ಟು ಸಣ್ಣ ಕೂಸಿಗೆ ಈ ಕಾಯಿಲೆಯಲ್ಲಿ ಅದರಿಂದ ಉಪಯೋಗ ಇಲ್ರಿ" ಅಂದರು. "ಉಸಿರಿನ ಸಣ್ಣ ನಳಿಗೆಯ ಒಳಗೆ ಬಾವು ಬಂದು ಸಿಂಬಳ ತುಂಬೇತಿ. ಆ ಔಷಧಿ ನಳಿಗೆಯ ಸುತ್ತಲಿನ ಸ್ನಾಯು ಬಿಗಿದಿದ್ದರೆ ಅದನ್ನ ಸಡಿಲ ಮಾಡ್ತದ. ಇಲ್ಲಿ ತೊಂದರೆ ಬಿಗಿತದ್ದಲ್ಲ."

ಮಗಳಿಗೆ ಮಾತ್ರ ಅದೇ ಔಷಧಿ ಕೊಟ್ಟರು. ಅವಳ ಸುಂಯ್ ಸದ್ದು ಹಚ್ಚಿದ ಸ್ವಲ್ಪ ಹೊತ್ತಿಗೇ ಕಡಿಮೆಯಾಯಿತು. ಒಂದೇ ಮನೆ, ಒಂದೇ ಸೋಂಕು. ಆದರೂ ಒಬ್ಬರಿಗೆ ಮಷಿನ್ ಬೇಕು, ಒಬ್ಬರಿಗೆ ಬೇಡ. ಮಷಿನ್ ಕೊಳ್ಳೋ ಮುಂಚೆ ತಿಳಿದಿರಬೇಕಾದ್ದು ಇದೇ ಅಂತ ನನ್ನ ಅನಿಸಿಕೆ.

ಇದು ಆರ್‌ಎಸ್‌ವಿ ಅನ್ನೋ ವೈರಸ್ ಇರಬೇಕು ಅಂದರು ಡಾಕ್ಟರ್. ಎರಡು ವರ್ಷ ತುಂಬೋದರೊಳಗೆ ಹೆಚ್ಚುಕಮ್ಮಿ ಎಲ್ಲಾ ಮಕ್ಕಳಿಗೂ ಒಂದು ಸಲ ಬಂದು ಹೋಗುವಂಥದ್ದು. ಶಾಲೆ, ಸಂತೆ, ಬಸ್ಸು ಬಂದ್ ಆದಾಗ ಕೊರೊನಾ ಜೊತೆ ಇದೂ ಹರಡೋದು ನಿಂತಿತು. ನಮ್ಮ ಮಗಳಿಗೆ ಸೋಕಬೇಕಾದ ವಯಸ್ಸಿನಲ್ಲಿ ಸೋಕಲಿಲ್ಲ. ಬಾಗಿಲು ತೆರೆದ ಮೇಲೆ ಅಕ್ಕ, ತಮ್ಮ ಇಬ್ಬರಿಗೂ ಒಟ್ಟಿಗೇ ಮೊದಲ ಸಲ ಬಂತು. ತಾಯಿಗೂ ಎರಡು ವರ್ಷ ಈ ವೈರಸ್ ಸೋಕದಿದ್ದರೆ, ಹೊಟ್ಟೆಯಲ್ಲಿರೋ ಕೂಸಿಗೆ ಅವಳಿಂದ ಹೋಗೋ ರಕ್ಷಣೆಯೂ ಕಡಿಮೆ ಇರಬಹುದು ಅಂದರು.

ಆವತ್ತಿನಿಂದ ಇದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದಿದ್ದೇನೆ. 2020ರಲ್ಲಿ ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ, ಚಿಲಿ ದೇಶಗಳ ಚಳಿಗಾಲದಲ್ಲಿ ಫ್ಲೂ ಬರಲೇ ಇಲ್ಲ ಅನ್ನುವಷ್ಟು ಕಡಿಮೆಯಾಗಿತ್ತು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಆ ಚಳಿಗಾಲ ಆರ್‌ಎಸ್‌ವಿಯೂ ಕಾಣಲಿಲ್ಲ. ನಿರ್ಬಂಧ ಸಡಿಲಾದ ಮೇಲೆ, ಅಲ್ಲಿ ಬೇಸಿಗೆ ಬರೋ ಹೊತ್ತಿಗೆ ಒಮ್ಮೆಲೇ ಏರಿತು. ಕಾಯಿಲೆ ಬಿದ್ದ ಮಕ್ಕಳ ವಯಸ್ಸೂ ಮುಂಚಿಗಿಂತ ಜಾಸ್ತಿ ಇತ್ತು. ಅಮೆರಿಕದಲ್ಲಿ ಚಳಿಗಾಲದ ಈ ಕಾಯಿಲೆ 2021ರಲ್ಲಿ ಬೇಸಿಗೆಯಲ್ಲೇ ಬಂತು. 2022ರಲ್ಲಿ ಚಳಿ ಶುರುವಾಗೋ ಮುಂಚೆಯೇ ಮಕ್ಕಳ ಆಸ್ಪತ್ರೆಗಳು ತುಂಬಿದವು. ಫ್ಲೂ ವೈರಸ್ಸಿನ ಬಿ ಯಮಗಾಟಾ ಅನ್ನೋ ಬಗೆಯಂತೂ 2020ರ ಮಾರ್ಚ್ ಆದಮೇಲೆ ಹರಡಿದ್ದು ಖಚಿತವಾಗಿ ಎಲ್ಲೂ ಕಂಡಿಲ್ಲ. ಅದನ್ನ ಇನ್ನು ಲಸಿಕೆಗೆ ಸೇರಿಸಬೇಕಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರ ಸೆಪ್ಟೆಂಬರಿನಲ್ಲಿ ಹೇಳಿತು. ಓದಿದಾಗ ನನಗೆ ಮೈ ಜುಂ ಅಂದಿತು. ಸಾಮಾನ್ಯ ನೆಗಡಿಯ ರೈನೋವೈರಸ್ ಮಾತ್ರ ಲಾಕ್‌ಡೌನಿಗೂ ಜಗ್ಗಲಿಲ್ಲ. ಮಗಳ ಮೂಗು ಸೋರುತ್ತಿದ್ದದ್ದು ಅದರಿಂದಲೇ ಇರಬೇಕು.

ಅಂಗಡಿಯಲ್ಲಿ ಕೂತವರು "ಎಲ್ಲಾ ಕೊರೊನಾ ಲಸಿಕೆಯಿಂದ ಆಗಿದ್ದು" ಅನ್ನುತ್ತಾರೆ. ಅವರಿಗೆ ನಾನು ಒಂದೇ ಮಾತು ಕೇಳುತ್ತೇನೆ. ನಮ್ಮ ದೇಶದಲ್ಲಿ ಹನ್ನೆರಡು ವರ್ಷದ ಕೆಳಗಿನವರಿಗೆ ಆ ಲಸಿಕೆ ಅಭಿಯಾನ ಬರಲೇ ಇಲ್ಲ. ಎರಡು ವರ್ಷದ ನನ್ನ ಮಗಳಿಗೆ ಯಾವ ಲಸಿಕೆಯಿಂದ ಆಯಿತು? ಮಕ್ಕಳ ಶಕ್ತಿ ಕುಂದಿದೆ ಅನ್ನೋದೂ ನನಗೆ ಸರಿ ಕಾಣುವುದಿಲ್ಲ. ಬೇರೆ ಬೇರೆ ವರ್ಷಗಳಲ್ಲಿ ಹಂಚಿಕೊಂಡು ಬರಬೇಕಾದ ಸೋಂಕು ಒಂದೇ ವರ್ಷ ಬಂದು ಬಿತ್ತು, ಅಷ್ಟೇ.

ನಮ್ಮೂರಲ್ಲಿ ಗವಿಮಠದ ಜಾತ್ರೆ ಕೊರೊನಾ ವರ್ಷಗಳಲ್ಲಿ ಸರಳವಾಗಿ ನಡೆದಿತ್ತು. 2023ರ ಜನವರಿಯಲ್ಲಿ ತೇರಿಗೆ ಮತ್ತೆ ಲಕ್ಷಗಟ್ಟಲೆ ಜನ ಸೇರಿದರು. ಆಮೇಲೆ ಫೆಬ್ರವರಿ, ಮಾರ್ಚ್‌ನಲ್ಲಿ ಮನೆ ಮನೆಯಲ್ಲಿ ಕೆಮ್ಮು. ಜಾತ್ರೆಯಿಂದ ಬಂತು ಅಂತ ಹೇಳೋದು ತಪ್ಪಾಗುತ್ತದೆ, ಆಗ ದೇಶದ ತುಂಬಾ ಎಚ್3ಎನ್2 ಫ್ಲೂ ಇತ್ತು. ನನ್ನ ಟೇಬಲ್ ಮೇಲೆ ನೆಬುಲೈಸರ್ ರಾಶಿ ಬಿದ್ದದ್ದು ಆಗಲೇ. 2025ರ ಜನವರಿಯಲ್ಲಿ ಬೆಂಗಳೂರಿನ ಎರಡು ಕೂಸುಗಳಿಗೆ ಎಚ್‌ಎಂಪಿವಿ ಅನ್ನೋ ಉಸಿರಾಟದ ವೈರಸ್ ಅಂತ ಟಿವಿಯಲ್ಲಿ ಬಂದಾಗ ಮತ್ತೆ ಅದೇ ಗಾಬರಿ. ವರ್ಷಗಟ್ಟಲೆ ಅಟ್ಟದ ಮೇಲಿದ್ದ ಮಷಿನ್ ತಂದು "ಸಂಜಿ ಒಳಗ ಮಾಡಿಕೊಡ್ರಿ" ಅನ್ನೋರು. ಆ ವೈರಸ್ 2001ರಲ್ಲೇ ಪತ್ತೆಯಾದದ್ದು, ಅದಕ್ಕಿಂತ ಮುಂಚೆಯೂ ಮಕ್ಕಳಲ್ಲಿ ಇದ್ದದ್ದು. ಆ ತಾಯಂದಿರ ಗಾಬರಿ ಸುಳ್ಳಲ್ಲ, ಅವರನ್ನ ದೂರಲು ನನಗೆ ಮನಸ್ಸಿಲ್ಲ. ಆದರೆ ಮಷಿನ್ ಮನೆಯಲ್ಲಿದೆ ಅನ್ನೋ ಧೈರ್ಯದ ಮೇಲೆ ಆಸ್ಪತ್ರೆಗೆ ಹೋಗೋದು ತಡವಾದರೆ ಕಷ್ಟ.

ಅದಕ್ಕೇ ಮಷಿನ್ನಿಗಿಂತ ಮುಂಚೆ ಉಸಿರು ಎಣಿಸೋದು ಕಲಿಯಿರಿ. ಮಗು ಅಳದೆ ಮಲಗಿದ್ದಾಗ ಅಂಗಿ ಎತ್ತಿ, ಪೂರ್ತಿ ಒಂದು ನಿಮಿಷ ಹೊಟ್ಟೆ ನೋಡುತ್ತಾ ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40. ಅಷ್ಟು ಅಥವಾ ಜಾಸ್ತಿ ಇದ್ದರೆ ಡಾಕ್ಟರ್ ಹತ್ತಿರ ಹೋಗಲೇಬೇಕು. ಪಕ್ಕೆ ಸೆಳೆತ ಇದ್ದರೆ, ಹಾಲು ಬಿಟ್ಟರೆ, ತುಟಿ ನೀಲಿ ಆದರೆ ಎಣಿಸುತ್ತಾ ಕೂರಬೇಡಿ.

ಇನ್ನು ಬಳಕೆ. ಮಷಿನ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಒಂದು ಸಲಕ್ಕೆ ಹತ್ತು ನಿಮಿಷದೊಳಗೆ ಮುಗಿಯುತ್ತದೆ. ಆದರೆ ಸದ್ದು ಜೋರು. ನಮ್ಮ ಮಗಳು ಮೊದಮೊದಲು ಸ್ವಿಚ್ ಹಾಕಿದರೆ ಚೀರುತ್ತಿದ್ದಳು. ಅಳುವಾಗ ಔಷಧಿ ಒಳಗೆ ಹೋಗೋದು ಕಡಿಮೆ. ಅಳುತ್ತಾಳೆ ಅಂತ ಮಾಸ್ಕನ್ನ ಮುಖದಿಂದ ದೂರ ಹಿಡಿದರೆ ಔಷಧಿಯೆಲ್ಲ ಗಾಳಿಗೇ ಹೋಗುತ್ತದೆ. ಮಾಸ್ಕ್ ಮೂಗು, ಬಾಯಿ ಎರಡನ್ನೂ ಮುಚ್ಚಿ ಕೆನ್ನೆಗೆ ಕೂರಬೇಕು. ಡಬ್ಬಿಯಲ್ಲಿ ಬಂದ ಮಕ್ಕಳ ಮಾಸ್ಕ್ ಅವಳ ಸಣ್ಣ ಮುಖಕ್ಕೆ ದೊಡ್ಡದಾಯಿತು, ಬೇರೆ ಕೊಳ್ಳಬೇಕಾಯಿತು. ಬಟ್ಟೆ ಗೊಂಬೆಯ ಮುಖಕ್ಕೆ ಮೊದಲು ಹಚ್ಚಿ ತೋರಿಸಿ ನನ್ನ ಹೆಂಡತಿ ಅವಳನ್ನ ಒಪ್ಪಿಸಿದಳು. ಇನ್ನೊಂದು ಕೊರತೆ ಅಂದರೆ ಕರೆಂಟ್. ರಾತ್ರಿ ಉಸಿರು ಕಟ್ಟಿದಾಗಲೇ ಕರೆಂಟ್ ಹೋದರೆ ಏನು ಮಾಡೋದು?

ಇಲ್ಲೇ ಸ್ಪೇಸರ್ ಗೆಲ್ಲೋದು. ಒಂದು ಕಡೆ ಪಂಪ್, ಅಂದರೆ ಇನ್ಹೇಲರ್ ಸಿಕ್ಕಿಸಿ, ಇನ್ನೊಂದು ಕಡೆ ಮಾಸ್ಕ್ ಇರೋ ಪ್ಲಾಸ್ಟಿಕ್ ಡಬ್ಬಿ ಅದು. ಬೆಲೆ ಮಷಿನ್ನಿಗಿಂತ ಎಷ್ಟೋ ಕಡಿಮೆ. ಕರೆಂಟ್ ಬೇಡ, ಸದ್ದಿಲ್ಲ, ಊರಿಗೆ ಹೋಗುವಾಗ ಚೀಲದಲ್ಲಿ ಹಿಡಿಯುತ್ತದೆ. ಸಾಧಾರಣ ಉಬ್ಬಸಕ್ಕೆ ಸ್ಪೇಸರ್ ನೆಬುಲೈಸರಿನಷ್ಟೇ ಕೆಲಸ ಮಾಡುತ್ತದೆ ಅಂತ ಅಧ್ಯಯನಗಳೇ ಇವೆ. ಪಂಪ್ ಹಚ್ಚಿದರೆ ಜೀವನಪೂರ್ತಿ ಬಿಡೋಕೆ ಆಗಲ್ಲ, ಅದಕ್ಕೆ ಮಷಿನ್ ವಾಸಿ ಅಂತ ನಮ್ಮ ಕಡೆ ಜನ ನಂಬಿದ್ದಾರೆ. ಎರಡರಲ್ಲೂ ಇರೋದು ಉಸಿರಿನ ನಳಿಗೆಯ ಬಿಗಿತ ಸಡಿಲ ಮಾಡೋ ಅದೇ ಸಾಲ್ಬುಟಮಾಲ್ ಔಷಧಿ. ಪಂಪಿನ ಒಂದು ಒತ್ತಿಗೆ 100 ಮೈಕ್ರೋಗ್ರಾಂ, ಮಷಿನ್ನಿಗೆ ಹಾಕೋ ಪುಟ್ಟ ಬಾಟಲಿಯಲ್ಲಿ 2.5 ಮಿಲಿಗ್ರಾಂ, ಅಂದರೆ 25 ಪಟ್ಟು. ಅದರಲ್ಲಿ ಬಹಳಷ್ಟು ಗಾಳಿಗೆ ಹೋಗುತ್ತದೆ, ಕಪ್ಪಿನ ತಳದಲ್ಲೂ ಸ್ವಲ್ಪ ಉಳಿಯುತ್ತದೆ. ಡಾಕ್ಟರ್ ಮನೆಯಲ್ಲಿ ಉಬ್ಬಸದ ಔಷಧಿ ಕೊಡಿ ಅಂದರೆ ಮೊದಲು ಸ್ಪೇಸರ್ ಕೇಳಿ. ಮಗು ಸ್ಪೇಸರಿಗೆ ಒಗ್ಗಲೇ ಇಲ್ಲ ಅಂದರೆ, ಅಥವಾ ಡಾಕ್ಟರೇ ಮಷಿನ್ ಬರೆದರೆ, ಆಗ ಮಷಿನ್. ನಮ್ಮ ಮನೆಯಲ್ಲಿ ಈಗ ಎರಡೂ ಇವೆ, ಕೈಗೆ ಮೊದಲು ಸಿಗೋದು ಸ್ಪೇಸರ್. ಮಗಳು ದೊಡ್ಡವಳಾದಂತೆ ಅದರ ಅಗತ್ಯವೂ ಕಡಿಮೆಯಾಗುತ್ತಿದೆ. ಮಗ ಪೂರ್ತಿ ಆರಾಮ ಆಗಿ ಓಣಿ ತುಂಬಾ ಓಡಾಡುತ್ತಾನೆ.

ಫ್ಲೂ ಲಸಿಕೆ ಬಗ್ಗೆಯೂ ಡಾಕ್ಟರನ್ನ ಕೇಳಿ. ಆರು ತಿಂಗಳಿಂದ ಐದು ವರ್ಷದವರೆಗೆ ಪ್ರತಿ ವರ್ಷ ಹಾಕಿಸಿ ಅಂತ ದೇಶದ ಮಕ್ಕಳ ಡಾಕ್ಟರುಗಳ ಸಂಘವೇ ಹೇಳುತ್ತದೆ. ಸರ್ಕಾರದ ಉಚಿತ ಪಟ್ಟಿಯಲ್ಲಿ ಇಲ್ಲ, ದುಡ್ಡು ಬೇಕು. ಆದರೂ ಅದು ಕೊಟ್ಟ ದುಡ್ಡಿಗೆ ತಕ್ಕದ್ದು ಅಂತ ನನ್ನ ಅಭಿಪ್ರಾಯ.

ರಿಪೇರಿಗೆ ಬರೋ ಮಷಿನ್‌ಗಳಲ್ಲಿ ಮೋಟಾರ್ ಸುಟ್ಟದ್ದು ಅಪರೂಪ. "ಹೊಗೀನೇ ಬರವಲ್ದು" ಅಂತ ತಂದರೆ ಸಾಮಾನ್ಯವಾಗಿ ಕಪ್ಪಿನ ತೂತಿನಲ್ಲಿ ಔಷಧಿ ಒಣಗಿ ಕೂತಿರುತ್ತದೆ, ಇಲ್ಲವೇ ಪೈಪು ತುದಿಯಲ್ಲಿ ಸೀಳಿರುತ್ತದೆ, ಇಲ್ಲವೇ ಫಿಲ್ಟರ್ ಕಟ್ಟಿರುತ್ತದೆ. ಕಾರ್ಖಾನೆಗಳಿರೋ ಗಿಣಿಗೇರಿ ಕಡೆಯಿಂದ ಬಂದ ಒಂದು ಮಷಿನ್ನಿನ ಬಿಳಿ ಫಿಲ್ಟರ್ ರೊಟ್ಟಿ ಹಂಚಿನ ತಳದಷ್ಟು ಕಪ್ಪಾಗಿತ್ತು. ಆ ಗಾಳಿಯನ್ನ ಮಕ್ಕಳು ದಿನವೂ ಫಿಲ್ಟರ್ ಇಲ್ಲದೆ ಕುಡಿಯುತ್ತಿದ್ದಾರೆ ಅಂತ ಹೊಟ್ಟೆ ಉರಿಯಿತು. ಫಿಲ್ಟರ್ ತೊಳೆದು ಮತ್ತೆ ಹಾಕಬೇಡಿ, ಹೊಸದು ಹಾಕಿ, ಕೆಲವೇ ರೂಪಾಯಿ. ಪ್ರತಿ ಸಲ ಬಳಸಿದ ಮೇಲೆ ಕಪ್ಪು, ಮಾಸ್ಕ್ ಸೋಪಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಪೈಪಿನ ಒಳಗೆ ನೀರು ಹಾಕಬೇಡಿ. ಪಸೆ ಕಂಡರೆ ಕಪ್ಪು ತೆಗೆದು ಸ್ವಲ್ಪ ಹೊತ್ತು ಮಷಿನ್ ಓಡಿಸಿ, ಒಣಗುತ್ತದೆ. ಬಿಡದೆ ಓಡಿಸಿದರೆ ಮೋಟಾರ್ ಬಿಸಿಯಾಗಿ ನಿಲ್ಲುತ್ತದೆ, ಆಗ ಕೆಟ್ಟಿತು ಅಂತ ತಿಳಿಯದೆ ತಣ್ಣಗಾಗಲು ಬಿಡಿ.

ಅಂಗಡಿಯಲ್ಲಿ ಕೊಳ್ಳುವಾಗ ಅಲ್ಲೇ ಕಪ್ಪಿಗೆ ಸಲೈನ್ ಹಾಕಿಸಿ, ಓಡಿಸಿ ನೋಡಿ. ಮಂಜು ಒಂದೇ ಸಮ ಬರಬೇಕು, ಬಿಟ್ಟು ಬಿಟ್ಟು ಬರಬಾರದು. ಕಪ್ಪು, ಫಿಲ್ಟರ್, ಮಾಸ್ಕ್ ಬಿಡಿಯಾಗಿ ಸಿಗುತ್ತವಾ ಅಂತ ಕೇಳಿಯೇ ದುಡ್ಡು ಕೊಡಿ. ಸಿಗದಿದ್ದರೆ ಆ ಮಷಿನ್ ಎಷ್ಟೇ ಅಗ್ಗ ಇದ್ದರೂ ಬೇಡ. ಸಂಬಂಧಿಕರ ಮನೆಯ ಹಳೆಯದನ್ನ ತರುವುದಾದರೆ ಮಷಿನ್ ಮಾತ್ರ ತನ್ನಿ. ಕಪ್ಪು, ಪೈಪು, ಮಾಸ್ಕ್ ಮೂರೂ ಹೊಸದೇ ಇರಲಿ.