ಕಾಗದವೋ ಎಂಜಿನ್ನೋ: ಗೇಮ್ ಡಿಸೈನ್ ಪದವಿಯಲ್ಲಿ ಮೊದಲ ಮಾದರಿ ಯಾವುದರಲ್ಲಿ ಮಾಡಬೇಕು?

ಗೇಮ್ ಡಿಸೈನ್ ಪದವಿಗೆ ಸೇರುವವರು ಮೊದಲು ಕೇಳುವುದು ಯಾವ ಲ್ಯಾಪ್‌ಟಾಪ್ ಕೊಳ್ಳಬೇಕು ಎಂದು. ಮೊದಲ ವರ್ಷಕ್ಕೆ ಕೈಯಲ್ಲಿರುವುದೇ ಸಾಕು. ದುಡ್ಡು ಖರ್ಚು ಮಾಡಲೇಬೇಕೆಂದಿದ್ದರೆ ಇಸ್ಪೀಟು ಎಲೆಗಳಿಗೆ ತೊಡಿಸುವ ಪ್ಲಾಸ್ಟಿಕ್ ಕವರುಗಳ ಒಂದು ಕಟ್ಟು, ಒಂದಷ್ಟು ದಾಳ, ಒಳ್ಳೆಯ ಪೆನ್ಸಿಲ್ ಕೊಂಡುಕೊಳ್ಳಿ. ಪದವಿಯಲ್ಲಿ ನಾನು ಕೊಂಡ ವಸ್ತುಗಳಲ್ಲಿ ಇಷ್ಟು ದುಡಿದದ್ದು ಬೇರೊಂದಿಲ್ಲ. ಹಳೆಯ ಎಲೆಯ ಮುಂದೆ ಒಂದು ಚೀಟಿ ಸೇರಿಸಿ ಕವರಿನೊಳಗೆ ತೂರಿಸಿದರೆ ಹೊಸ ಎಲೆ ಸಿದ್ಧ. ನಿಯಮ ಬದಲಾದರೆ ಚೀಟಿ ಬದಲಾಯಿಸಿದರಾಯಿತು.

ಕಾಗದದ ಮಾದರಿ (ಎಲೆ, ಚೀಟಿಗಳಲ್ಲಿ ಮಾಡಿದ ಆಟದ ಕರಡು), ಸ್ಪ್ರೆಡ್‌ಶೀಟ್, ಗೇಮ್ ಎಂಜಿನ್ (ಕಂಪ್ಯೂಟರ್ ಆಟ ಕಟ್ಟುವ ತಂತ್ರಾಂಶ) ಮೂರನ್ನೂ ಸೆಮಿಸ್ಟರ್ ಪ್ರಾಜೆಕ್ಟ್‌ಗಳಲ್ಲಿ ಬಳಸಿ ನೋಡಿದ್ದೇನೆ. ನನ್ನ ಮತ ಕಾಗದಕ್ಕೆ.

ಕಾರಣ ವೇಗ. ಆಟ ನಡೆಯುತ್ತಿರುವಾಗಲೇ ಯಾರಾದರೂ 'ಈ ಎಲೆ ಮೂರರ ಬದಲು ಎರಡೇ ಹೆಜ್ಜೆ ಕೊಟ್ಟರೆ?' ಎಂದು ಕೇಳಿದರೆ, ಅಳಿಸಿ ಬರೆದು ಮುಂದಿನ ಸುತ್ತನ್ನೇ ಹೊಸ ನಿಯಮದಲ್ಲಿ ಆಡಬಹುದು. ಎಂಜಿನ್‌ನಲ್ಲಿ ಆ ಹೊತ್ತಿಗೆ ಮೆನು, ಕ್ಯಾಮೆರಾ, ಪಾತ್ರದ ನಡಿಗೆ ಎಲ್ಲವನ್ನೂ ಮಾಡಿ ಕುಳಿತಿರುತ್ತೇವೆ. ಮೂಲ ನಿಯಮವೇ ಸಪ್ಪೆ ಎಂದು ತಿಳಿದರೂ ಅಷ್ಟೆಲ್ಲ ದುಡಿದದ್ದನ್ನು ಬಿಸಾಡಲು ಮನಸ್ಸು ಬರುವುದಿಲ್ಲ. ಪೆನ್ಸಿಲ್ ಗೀಚನ್ನು ಬಿಸಾಡಲು ಯಾರಿಗೂ ಸಂಕಟವಿಲ್ಲ. ವಿನ್ಯಾಸ ಕಲಿಯುವವನಿಗೆ ಬಿಸಾಡುವ ಧೈರ್ಯ ಎಷ್ಟು ಬೇಗ ಬರುತ್ತದೋ ಅಷ್ಟು ಒಳ್ಳೆಯದು.

ಸ್ಪ್ರೆಡ್‌ಶೀಟ್ ಅಂಕಿಗಳಿಗೆ ಬೇಕೇ ಬೇಕು. ಆದರೆ ಅದರ ಮಿತಿಯನ್ನು ಒಂದು ಉದಾಹರಣೆಯಲ್ಲಿ ತೋರಿಸುತ್ತೇನೆ. ಖಡ್ಗದ ಏಟು ಎಂದೂ ತಪ್ಪುವುದಿಲ್ಲ, ಪ್ರತಿ ಸಲ 5 ಅಂಕ ಕಳೆಯುತ್ತದೆ. ಕೊಡಲಿಯ ಏಟು ತಗುಲಿದರೆ 10, ಆದರೆ ತಗುಲುವುದು ಎರಡಕ್ಕೊಂದು ಸಲ. ಎದುರಾಳಿಯ ಜೀವ 10 ಎಂದುಕೊಳ್ಳಿ. ಎರಡು ಆಯುಧಕ್ಕೂ ಸರಾಸರಿ ಎರಡು ಏಟು ಬೇಕು, ಸ್ಪ್ರೆಡ್‌ಶೀಟ್‌ನಲ್ಲಿ ಅವು ಸಮ. ಮೇಜಿನ ಮೇಲೆ ಸಮವಲ್ಲ. ಖಡ್ಗ ಎರಡನೇ ಏಟಿಗೆ ಖಂಡಿತ ಮುಗಿಸುತ್ತದೆ. ಕೊಡಲಿ ನೂರರಲ್ಲಿ 50 ಸಲ ಮೊದಲ ಏಟಿಗೇ ಮುಗಿಸುತ್ತದೆ, 25 ಸಲ ಎರಡು ಏಟು ಬೀಸಿದ ಮೇಲೂ ಎದುರಾಳಿ ನಿಂತೇ ಇರುತ್ತಾನೆ. ಹೀಗಾಗಿ ಸೋಲುತ್ತಿರುವವರ ಕೈ ಕೊಡಲಿಗೆ ಹೋಗುತ್ತದೆ, ಮುಂದಿರುವವರು ಖಡ್ಗ ಬಿಡುವುದಿಲ್ಲ. ಹ್ಯೂನಿಕೆ, ಲೆಬ್ಲಾಂಕ್, ಜುಬೆಕ್ 2004ರಲ್ಲಿ ಮಂಡಿಸಿದ ಎಂಡಿಎ ಚೌಕಟ್ಟನ್ನು (ಆಟವನ್ನು ಮೆಕ್ಯಾನಿಕ್ಸ್, ಡೈನಾಮಿಕ್ಸ್, ಈಸ್ಥೆಟಿಕ್ಸ್ ಎಂದು ಬಿಡಿಸಿ ನೋಡುವ ಕ್ರಮ) ಓದಿದವರಿಗೆ ಇದು ಗೊತ್ತಿರುತ್ತದೆ: ನಿಯಮ ಒಂದು, ಆಡುವಾಗ ಅದರಿಂದ ಹುಟ್ಟುವ ವರ್ತನೆ ಇನ್ನೊಂದು. ಸ್ಪ್ರೆಡ್‌ಶೀಟ್ ಮೊದಲನೆಯದನ್ನು ತೋರಿಸುತ್ತದೆ, ಎರಡನೆಯದನ್ನು ನೋಡಲು ಮನುಷ್ಯರನ್ನು ಕೂರಿಸಿ ಆಡಿಸಬೇಕು.

ಇನ್ನು ಕಾಗದದ ತೊಡಕು. ಇದನ್ನು ವಿವರವಾಗಿಯೇ ಹೇಳಬೇಕು, ಏಕೆಂದರೆ ಪಠ್ಯದಲ್ಲಿ ಒಂದು ಸಾಲಿನಲ್ಲಿ ಮುಗಿಯುವ ಈ ವಿಷಯ ಇಡೀ ಪ್ರಾಜೆಕ್ಟನ್ನು ದಾರಿ ತಪ್ಪಿಸಬಲ್ಲದು. ಕಾಗದದ ಆಟದಲ್ಲಿ ನಿಯಮಗಳನ್ನು ನಡೆಸುವ ಯಂತ್ರ ವಿನ್ಯಾಸಕನೇ. ಅವನು ಮೇಜಿನ ಬಳಿ ಇರುವವರೆಗೆ, ಬರೆಯದೇ ಬಿಟ್ಟ ನಿಯಮಗಳನ್ನು ಅವನ ಕೈಗಳೇ ತುಂಬಿಕೊಡುತ್ತವೆ. ಅದು ಅವನಿಗೂ ತಿಳಿಯುವುದಿಲ್ಲ, ಆಡುವವರಿಗೂ ತಿಳಿಯುವುದಿಲ್ಲ.

ನಮ್ಮ ತಂಡದ ಆಟವೊಂದರಲ್ಲಿ ನಾಲ್ವರು ಸೇರಿ ಸರಕನ್ನು ನದಿ ದಾಟಿಸಬೇಕಿತ್ತು. ಪ್ರತಿ ಸರದಿಯ ಕೊನೆಗೆ ನೀರಿನ ಎಲೆಯೊಂದನ್ನು ತಿರುವಬೇಕು, ಮಟ್ಟ ಏರುತ್ತದೆ ಅಥವಾ ಇಳಿಯುತ್ತದೆ. ನಾವು ಆಡಿಸಿದಾಗಲೆಲ್ಲ ಆಟ ಸರಾಗವಾಗಿ ಸಾಗಿತು. ಆಮೇಲೆ ಪೆಟ್ಟಿಗೆಯನ್ನೂ ನಿಯಮದ ಹಾಳೆಯನ್ನೂ ಬೇರೊಂದು ತಂಡಕ್ಕೆ ಕೊಟ್ಟು ಹಿಂದೆ ನಿಂತೆವು. ನೀರಿನ ಎಲೆಗಳು ಮುಗಿದವು, ಆಟ ನಿಂತಿತು. ಎಲೆ ಖಾಲಿಯಾದರೆ ಏನು ಮಾಡಬೇಕೆಂದು ಹಾಳೆಯಲ್ಲಿ ಇರಲೇ ಇಲ್ಲ. ನಾವು ಆಡಿಸುವಾಗ, ಮಾತು ಮುಂದುವರಿಸುತ್ತಲೇ, ಬಳಸಿದ ಎಲೆಗಳನ್ನು ಕಲಸಿ ಮತ್ತೆ ಇಡುತ್ತಿದ್ದೆವು. ಆ ತಂಡದಲ್ಲಿ ಒಬ್ಬಳು 'ನೀರು ಮುಗಿಯಿತು, ನದಿ ಬತ್ತಿತು, ನಾವು ಗೆದ್ದೆವು' ಎಂದಳು. ಇನ್ನೊಬ್ಬ 'ಎಲೆ ಮುಗಿಯಿತೆಂದರೆ ಸಮಯ ಮುಗಿಯಿತು, ಸೋತೆವು' ಎಂದ. ಹಾಳೆಯ ಪ್ರಕಾರ ಇಬ್ಬರೂ ಸರಿ. ಕೊನೆಗೆ ಎರಡನೆಯದನ್ನೇ ನಿಯಮ ಮಾಡಿದೆವು. ಎಲೆಗಳ ಕಟ್ಟು ತೆಳುವಾಗುತ್ತಾ ಹೋಗುವುದು ಎಲ್ಲರ ಕಣ್ಣಿಗೆ ಕಾಣುತ್ತಿದ್ದುದರಿಂದ ಆಟಕ್ಕೆ ಅಲ್ಲಿಯವರೆಗೆ ಇಲ್ಲದ ಬಿಗುವು ಬಂತು.

ಎಂಜಿನ್‌ನಲ್ಲಿ ಈ ಲೋಪ ಅಡಗಿರುವುದು ಕಷ್ಟ. ಖಾಲಿ ಪಟ್ಟಿಯಿಂದ ಎಲೆ ತೆಗೆ ಎಂದರೆ ಪ್ರೋಗ್ರಾಂ ಸಾಮಾನ್ಯವಾಗಿ ಅಲ್ಲೇ ಅಥವಾ ಮುಂದಿನ ಹೆಜ್ಜೆಯಲ್ಲಿ ದೋಷ ತೋರಿಸುತ್ತದೆ. ಆ ನಿಷ್ಠುರತೆಯನ್ನು ಕಾಗದಕ್ಕೂ ತರಲು ನಾನು ಕಂಡುಕೊಂಡ ದಾರಿ ಇದು: ನಿಯಮಗಳನ್ನು 'ಹೀಗಾದರೆ ಇದು, ಇಲ್ಲದಿದ್ದರೆ ಅದು' ಎಂಬ ರೂಪದಲ್ಲೇ ಬರೆಯುವುದು. ಕಟ್ಟು ಖಾಲಿಯಾದರೆ? ಕೈಯಲ್ಲಿ ಜಾಗವಿಲ್ಲದಿದ್ದರೆ? ಇಬ್ಬರೂ ಒಟ್ಟಿಗೆ ಗುರಿ ಮುಟ್ಟಿದರೆ? ಮೊದಲ ಸರದಿ ಯಾರದು? ನಂತರ ಬೇರೆಯವರು ಆಡುವಾಗ ತುಟಿ ಬಿಚ್ಚದೆ, ಬೆರಳನ್ನೂ ತೋರಿಸದೆ, ಅವರು ಎಲ್ಲಿ ತಡವರಿಸಿದರು ಎಂಬುದನ್ನಷ್ಟೇ ಬರೆದುಕೊಳ್ಳುವುದು. ಸುಮ್ಮನಿರುವುದು ಬಹಳ ಕಷ್ಟ. ಆದರೆ ವಿವರಣೆ ಕೊಟ್ಟ ಕ್ಷಣಕ್ಕೆ ಆ ಪರೀಕ್ಷೆ ಕೆಟ್ಟಂತೆ.

ಎಂಜಿನ್ ಬಿಟ್ಟು ಗತಿಯಿಲ್ಲದ ಕಡೆಯೂ ಇದೆ. ಬೆರಳ ತುದಿಯ ಅನುಭವವನ್ನು ಕಾಗದ ಎಂದಿಗೂ ತೋರಿಸದು. ಜಿಗಿಯುವ ಆಟಗಳಲ್ಲಿ ಪಾತ್ರ ಅಂಚು ದಾಟಿದ ಮೇಲೂ ಒಂದು ಚೂರು ಹೊತ್ತು ಜಿಗಿಯಲು ಬಿಡುತ್ತಾರೆ, ಅದಕ್ಕೆ ಕಾಯೋಟಿ ಟೈಮ್ ಎನ್ನುತ್ತಾರೆ. 2018ರ ಸೆಲೆಸ್ಟ್ ಆಟದಲ್ಲಿ ಇದಿದೆ. ಸೆಕೆಂಡಿಗೆ 60 ಫ್ರೇಮ್ (ಪರದೆಯ ಮೇಲೆ ಒಂದರ ಹಿಂದೊಂದು ಬರುವ ಚಿತ್ರ) ಓಡುವ ಆಟದಲ್ಲಿ 6 ಫ್ರೇಮ್ ಎಂದರೆ ಸೆಕೆಂಡಿನ ಹತ್ತನೇ ಒಂದು ಭಾಗ. ಅಷ್ಟು ವಿನಾಯಿತಿ ಕೊಟ್ಟರೆ ಆಟ ನ್ಯಾಯವಾಗಿದೆ ಎನಿಸುತ್ತದೆ, ತೆಗೆದರೆ 'ಒತ್ತಿದರೂ ಜಿಗಿಯಲಿಲ್ಲ' ಎಂಬ ದೂರು ಶುರುವಾಗುತ್ತದೆ. ಇದನ್ನು ಎಲೆಗಳಲ್ಲಿ ಪರೀಕ್ಷಿಸಲು ಹೊರಟರೆ ಕಾಲಹರಣವಷ್ಟೇ.

ನನ್ನ ಹಳೆಯ ಲ್ಯಾಪ್‌ಟಾಪ್‌ಗೆ ಹೊಂದಿದ್ದು ಗೊಡೊ. 2014ರಲ್ಲಿ ಎಂಐಟಿ ಪರವಾನಗಿಯಡಿ, ಅಂದರೆ ಯಾರು ಬೇಕಾದರೂ ಬಳಸಿ ತಿದ್ದುವಂತೆ, ಮುಕ್ತವಾದ ಎಂಜಿನ್ ಅದು, ಶುಲ್ಕವಿಲ್ಲ, ಗಾತ್ರವೂ ಚಿಕ್ಕದು. ದೃಶ್ಯದ ಕಡತಗಳು ಸರಳ ಪಠ್ಯದಲ್ಲಿರುವುದರಿಂದ ಗಿಟ್‌ನಲ್ಲಿ (ಕಡತಗಳ ಬದಲಾವಣೆಗಳನ್ನು ದಾಖಲಿಸಿಡುವ ತಂತ್ರಾಂಶ) ಯಾರು ಏನು ಬದಲಿಸಿದರೆಂದು ಓದಿ ತಿಳಿಯಬಹುದು. ಮನುಷ್ಯರು ಓದಲಾಗದ ಬೈನರಿ ಕಡತಗಳಾದರೆ ಇಬ್ಬರು ಒಂದೇ ದೃಶ್ಯ ತಿದ್ದಿದಾಗ ಒಬ್ಬರ ಕೆಲಸ ಬಿಟ್ಟುಕೊಡಬೇಕಾಗುತ್ತದೆ.

ಪೋರ್ಟ್‌ಫೋಲಿಯೊ, ಅಂದರೆ ನಮ್ಮ ಕೆಲಸವನ್ನು ಇತರರಿಗೆ ತೋರಿಸುವ ಸಂಗ್ರಹದ ವಿಷಯದಲ್ಲಿ ಎಂಜಿನ್‌ಗೇ ಮೇಲುಗೈ. ಕಾಗದದ ಆಟದ ಫೋಟೋ ಒಂದರಿಂದ ಯಾರಿಗೂ ಏನೂ ತಿಳಿಯದು. ಪ್ರತಿ ಆವೃತ್ತಿಯ ನಿಯಮದ ಹಾಳೆಗೆ ದಿನಾಂಕ ಹಾಕಿ ಇಟ್ಟುಕೊಂಡು, ಯಾವ ನಿಯಮವನ್ನು ಏಕೆ ಕೈಬಿಟ್ಟೆವು ಎಂದು ಪಕ್ಕದಲ್ಲಿ ಬರೆದರೆ ಮಾತ್ರ ಅದಕ್ಕೆ ಬೆಲೆ.

ಪ್ರೋಗ್ರಾಮಿಂಗ್ ಕಡೆಗೇ ಹೋಗುವವರು ಮೊದಲ ದಿನದಿಂದ ಎಂಜಿನ್ ಹಿಡಿಯಲಿ, ಅವರ ಕೈ ಪಳಗಬೇಕಾದದ್ದು ಅಲ್ಲಿ. ನನಗೆ ಕೈಯಲ್ಲಿ ಹಿಡಿದು ತಿರುವಿದರೆ ಮಾತ್ರ ನಿಯಮ ತಲೆಗೆ ಹತ್ತುತ್ತದೆ, ಹೊಸ ಲ್ಯಾಪ್‌ಟಾಪ್‌ಗೆ ಹಣವೂ ಇಲ್ಲ. ಆದ್ದರಿಂದ ಕೊನೆಯ ವರ್ಷದ ಪ್ರಾಜೆಕ್ಟಿನಲ್ಲೂ ಮೊದಲು ಕಾಗದ, ಅಂಕಿಗಳು ತಲೆಲೆಕ್ಕಕ್ಕೆ ಮೀರಿದಾಗ ಸ್ಪ್ರೆಡ್‌ಶೀಟ್, ಅಪರಿಚಿತರು ನಮ್ಮ ನೆರವಿಲ್ಲದೆ ಒಂದು ಆಟವನ್ನು ಪೂರ್ತಿ ಆಡಿ ಮುಗಿಸಿದ ಮೇಲೆಯೇ ಗೊಡೊ.