ಸಣ್ಣ ಪೋಕರ್ ಬ್ಯಾಂಕ್‌ರೋಲ್ ಬೆಳೆಸಲು ಯಾವ ದಾರಿ: 50 ಬೈ-ಇನ್, 5 ಪರ್ಸೆಂಟ್, ಇಲ್ಲಾ ಶಾಟ್?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಶಾಟ್ ಪದ್ಧತಿಗೆ, ಅಂದರೆ ಸ್ವಲ್ಪ ದುಡ್ಡು ಕೂಡಿದಾಗ ಮೇಲಿನ ಸ್ಟೇಕ್‌ಗೆ (ದೊಡ್ಡ ಮೊತ್ತದ ಟೇಬಲ್‌ಗೆ) ಹೋಗಿ ನೋಡೋದು, ಸೋತರೆ ಇಳಿಯೋದು. ಬ್ಯಾಂಕ್‌ರೋಲ್ ಅಂತ, ಅಂದರೆ ಆಟಕ್ಕೆಂದೇ ಎತ್ತಿಟ್ಟ ದುಡ್ಡು ಅಂತ, 100 ಡಾಲರ್ ಹಾಕಿ ಎನ್‌ಎಲ್2ರಲ್ಲಿ (ಬಿಗ್ ಬ್ಲೈಂಡ್ 2 ಸೆಂಟ್ ಇರುವ ನೋ-ಲಿಮಿಟ್ ಟೇಬಲ್) ಕೂತವನು ಈಗ ಎನ್‌ಎಲ್25ರಲ್ಲಿ ಆಡುತ್ತಿದ್ದೇನೆ. ನಡುವೆ ಇನ್ನೊಂದು ಸಲ ದುಡ್ಡು ಹಾಕಿಲ್ಲ. ಈ ದಾರಿಯಲ್ಲಿ ಮೂರು ಪದ್ಧತಿಗಳನ್ನು ಹಿಡಿದು ನೋಡಿದೆ. ಒಂದು ನನ್ನ ತಾಳ್ಮೆಯನ್ನೆಲ್ಲ ತಿಂದುಹಾಕಿತು. ಇನ್ನೊಂದು ಒಳ್ಳೊಳ್ಳೆ ಟೇಬಲ್‌ಗಳಿಂದ ಎಬ್ಬಿಸಿ ಕಳಿಸಿತು. ಮೂರನೆಯದು ಕೈ ಹಿಡಿಯಿತು.

ಬ್ಲೈಂಡ್ (ಕಾರ್ಡ್ ನೋಡುವ ಮುಂಚೆ ಇಡಲೇಬೇಕಾದ ಬೆಟ್) ಎಂದರೇನು, ಬೈ-ಇನ್ (ಟೇಬಲ್‌ಗೆ ಕೂರುವಾಗ ತರುವ ದುಡ್ಡು) ಎಂದರೇನು ಅನ್ನೋದು ನಿಮಗೆ ಗೊತ್ತಿದೆ ಅಂದುಕೊಳ್ಳುತ್ತೇನೆ. ನಾನು ಆಡೋದು ಆರು ಜನರ ನೋ-ಲಿಮಿಟ್ ಹೋಲ್ಡೆಮ್ ಕ್ಯಾಶ್ ಟೇಬಲ್. ರಾತ್ರಿ ಕೆಲಸ ಮುಗಿದ ಮೇಲೆ ಮೂರು ಟೇಬಲ್, ಕಣ್ಣು ಎಳೆಯೋವರೆಗೆ. ಇಲ್ಲಿ ಬೈ-ಇನ್ ಅಂದಾಗೆಲ್ಲ 100 ಬಿಗ್ ಬ್ಲೈಂಡ್: ಎನ್‌ಎಲ್2ಕ್ಕೆ 2 ಡಾಲರ್, ಎನ್‌ಎಲ್5ಕ್ಕೆ 5, ಹಾಗೇ ಮೇಲಕ್ಕೆ. ದುಡ್ಡು ಹಾಕಿ ಆಡೋದಕ್ಕೆ ನೀವಿರುವ ಕಡೆ ಕಾನೂನು ಅಡ್ಡ ಬರುತ್ತಿದ್ದರೆ ಇದ್ಯಾವುದೂ ನಿಮಗೆ ಬೇಡ. ಆಟದಲ್ಲಿ ಒಟ್ಟಾರೆ ಸೋಲುತ್ತಿದ್ದರೂ ಬೇಡ. ಸೋಲುವವರ ಬ್ಯಾಂಕ್‌ರೋಲ್ ಎಷ್ಟು ದೊಡ್ಡದಿದ್ದರೂ ಖಾಲಿಯಾಗೋದು ಸ್ವಲ್ಪ ತಡ ಆಗುತ್ತದೆ, ಅಷ್ಟೇ.

50 ಬೈ-ಇನ್

ಮುಂದಿನ ಸ್ಟೇಕ್‌ನ 50 ಬೈ-ಇನ್ ಕೂಡಿದ ಮೇಲೆ ಮಾತ್ರ ಮೇಲೆ ಹತ್ತು. ಇಷ್ಟೇ ನಿಯಮ. ಲೆಕ್ಕದಲ್ಲಿ ಇದಕ್ಕೆ ಬೆನ್ನೆಲುಬಿದೆ, ಸುಮ್ನೆ ಹೇಳಿದ ಮಾತಲ್ಲ. ಆರು ಜನರ ಟೇಬಲ್‌ನಲ್ಲಿ ಪ್ರತಿ 100 ಕೈಗೆ (ಒಂದು ಸಲ ಕಾರ್ಡ್ ಹಂಚಿ ಆಡಿದರೆ ಒಂದು ಕೈ) ಸ್ಟ್ಯಾಂಡರ್ಡ್ ಡೀವಿಯೇಶನ್, ಅಂದರೆ ಫಲಿತಾಂಶದ ಏರಿಳಿತದ ಅಳತೆ, ಸಾಮಾನ್ಯವಾಗಿ 80ರಿಂದ 100 ಬಿಗ್ ಬ್ಲೈಂಡ್. ನಡುವಿನ 90 ಅಂತ ಇಟ್ಟುಕೊಳ್ಳಿ. 100 ಕೈಗೆ 5 ಬ್ಲೈಂಡ್ ಗೆಲ್ಲುವ ಆಟಗಾರ 20 ಬೈ-ಇನ್ ಇಟ್ಟುಕೊಂಡು, ಎಂದೂ ಕೆಳಗಿಳಿಯದೆ, ಎಂದೂ ದುಡ್ಡು ತೆಗೆಯದೆ ಆಡಿದರೆ ಪೂರ್ತಿ ಖಾಲಿಯಾಗುವ ಸಾಧ್ಯತೆ ಸುಮಾರು 8.5 ಪರ್ಸೆಂಟ್. 30 ಬೈ-ಇನ್ ಇದ್ದರೆ 2.5. 50 ಇದ್ದರೆ 0.2. ಆದರೆ ಗೆಲುವಿನ ದರ ಅರ್ಧಕ್ಕೆ, ಅಂದರೆ 2.5 ಬ್ಲೈಂಡ್‌ಗೆ ಇಳಿದರೆ ಅದೇ 20 ಬೈ-ಇನ್‌ಗೆ 29 ಪರ್ಸೆಂಟ್ ಅಪಾಯ! 50 ಬೈ-ಇನ್ ಇದ್ದವರಿಗೆ ಆಗಲೂ 4.6 ಅಷ್ಟೇ. ನಿಮ್ಮ ನಿಜವಾದ ದರ ಎಷ್ಟು ಅಂತ ನಿಮಗೇ ಸರಿಯಾಗಿ ಗೊತ್ತಿರೋದಿಲ್ಲ, ಅಲ್ವಾ? ಹಾಗಾಗಿ ಜಾಸ್ತಿ ಇಟ್ಟುಕೊಳ್ಳಿ ಅನ್ನೋ ಸಲಹೆ ಸುಳ್ಳಲ್ಲ.

ಸಮಸ್ಯೆ ಇರೋದು ಗಡಿಯಾರದಲ್ಲಿ. 100 ಡಾಲರ್‌ಗೆ ಈ ನಿಯಮ ಕೊಡೋದು ಎನ್‌ಎಲ್2 ಮಾತ್ರ. ಎನ್‌ಎಲ್5ಕ್ಕೆ 250 ಬೇಕು. ಎನ್‌ಎಲ್2ರಲ್ಲಿ 5 ಬ್ಲೈಂಡ್ ಅಂದರೆ 100 ಕೈಗೆ 10 ಸೆಂಟ್. ಬಾಕಿ 150 ಡಾಲರ್ ದುಡಿಯಲು 1,50,000 ಕೈ ಆಡಬೇಕು. ಒಂದು ಟೇಬಲ್‌ನಲ್ಲಿ ಗಂಟೆಗೆ 75 ಕೈ ಅಂದರೂ ಮೂರು ಟೇಬಲ್‌ಗೆ 225. ಸುಮಾರು 670 ಗಂಟೆ. ದಿನಾ ಎರಡು ಗಂಟೆ ಆಡುವವರಿಗೆ ಹನ್ನೊಂದು ತಿಂಗಳು, ಅದೂ ಒಂದೇ ಒಂದು ಮೆಟ್ಟಿಲಿಗೆ.

ರೇಕ್, ಅಂದರೆ ಪಾಟ್‌ನಿಂದ ಸೈಟ್ ಮುರಿದುಕೊಳ್ಳುವ ಪಾಲು, ಬೇರೆ. 5 ಪರ್ಸೆಂಟ್ ಮುರಿಯುವ ಸೈಟ್‌ನಲ್ಲಿ ಎನ್‌ಎಲ್2ರ 4 ಡಾಲರ್ ಪಾಟ್‌ಗೆ 20 ಸೆಂಟ್ ಹೋಗುತ್ತದೆ, ಅಂದರೆ 10 ಬಿಗ್ ಬ್ಲೈಂಡ್. ಮೇಲಿನ ಸ್ಟೇಕ್‌ಗಳಲ್ಲಿ ದೊಡ್ಡ ಪಾಟ್‌ಗಳ ರೇಕ್ ಕ್ಯಾಪ್‌ಗೆ, ಅಂದರೆ ಗರಿಷ್ಠ ಮಿತಿಗೆ, ತಾಗಿ ನಿಲ್ಲುತ್ತದೆ, ಬ್ಲೈಂಡ್ ಲೆಕ್ಕದಲ್ಲಿ ಹೊರೆ ಹಗುರವಾಗುತ್ತದೆ. ತಳದಲ್ಲಿ ಕೂತಷ್ಟೂ ಹೊತ್ತು ನೀವು ದುಬಾರಿ ಬಾಡಿಗೆ ಕಟ್ಟುತ್ತಿರುತ್ತೀರಿ.

5 ಪರ್ಸೆಂಟ್

ಇದು ಕ್ರಿಸ್ ಫರ್ಗುಸನ್ ಅವರ ನಿಯಮ ಅಂತಲೇ ಹೆಸರಾದದ್ದು. 2000ದ ವರ್ಲ್ಡ್ ಸೀರೀಸ್ ಮೇನ್ ಇವೆಂಟ್ ಗೆದ್ದವರು. ಆಮೇಲೆ ಖಾತೆಯಲ್ಲಿ ಸೊನ್ನೆ ಇಟ್ಟುಕೊಂಡು, ಬಿಟ್ಟಿ ಟೂರ್ನಮೆಂಟ್‌ಗಳಿಂದ ಶುರು ಮಾಡಿ 10,000 ಡಾಲರ್ ಮುಟ್ಟಿಸಿ ತೋರಿಸಿದರು. ಅವರು ಹಾಕಿಕೊಂಡ ಕಟ್ಟುಪಾಡು ಹೀಗಿತ್ತು: ಕ್ಯಾಶ್ ಟೇಬಲ್‌ಗೋ ಸಿಟ್-ಅಂಡ್-ಗೋಗೋ (ಜನ ತುಂಬಿದ ಕೂಡಲೇ ಶುರುವಾಗುವ ಸಣ್ಣ ಟೂರ್ನಮೆಂಟ್) ಬ್ಯಾಂಕ್‌ರೋಲ್‌ನ 5 ಪರ್ಸೆಂಟ್‌ಗಿಂತ ಜಾಸ್ತಿ ಒಯ್ಯಬಾರದು, 2.50 ಡಾಲರ್‌ವರೆಗಿನ ಬೈ-ಇನ್‌ಗೆ ಮಾತ್ರ ವಿನಾಯಿತಿ. ದೊಡ್ಡ ಟೂರ್ನಮೆಂಟ್‌ಗೆ 2 ಪರ್ಸೆಂಟ್. 1 ಡಾಲರ್‌ನದಕ್ಕೆ ವಿನಾಯಿತಿ. ಇನ್ನೊಂದು ಷರತ್ತೂ ಇತ್ತು. ನೋ-ಲಿಮಿಟ್ ಆಟದಲ್ಲಿ ಟೇಬಲ್ ಮೇಲಿರುವ ದುಡ್ಡು ಬ್ಯಾಂಕ್‌ರೋಲ್‌ನ 10 ಪರ್ಸೆಂಟ್ ದಾಟಿತೋ, ಬ್ಲೈಂಡ್ ನಿಮ್ಮ ಹತ್ತಿರ ಬಂದ ಕೂಡಲೇ ಎದ್ದು ಹೋಗಬೇಕು.

ಈ ಕೊನೆಯ ಷರತ್ತು ನನ್ನ ತಲೆ ತಿಂದಿದ್ದು ಅಷ್ಟಿಷ್ಟಲ್ಲ.

ನಾನು ಈ ಪದ್ಧತಿಗೆ ಬಂದಾಗ ಖಾತೆಯಲ್ಲಿ 120 ಡಾಲರ್ ಇತ್ತು. 5 ಪರ್ಸೆಂಟ್ ಅಂದರೆ 6, ಎನ್‌ಎಲ್5 ಬಾಗಿಲು ತೆರೆಯಿತು. ಆದರೆ ಮೂರು ಟೇಬಲ್ ಹಾಕಿದರೆ ಕೂತ ಕ್ಷಣದಲ್ಲೇ 15 ಡಾಲರ್ ಹೊರಗಿರುತ್ತದೆ. 10 ಪರ್ಸೆಂಟ್ ಮಿತಿ 12. ಅಕ್ಷರಶಃ ಪಾಲಿಸಿದರೆ ಮೂರನೇ ಟೇಬಲ್ ತೆರೆಯೋ ಹಾಗೇ ಇಲ್ಲ. ನಾನು ಟೇಬಲ್‌ಗೆ ತಲಾ 10 ಪರ್ಸೆಂಟ್ ಅಂತ ಸಡಿಲ ಮಾಡಿಕೊಂಡೆ.

ಹಾಗೆ ಮಾಡಿದರೂ ಏನಾಗುತ್ತದೆ ನೋಡಿ. ಒಂದು ರಾತ್ರಿ ನನ್ನ ಬಲಗಡೆ ಒಬ್ಬ ಆಸಾಮಿ. ಏನೇ ಬಂದರೂ ಕಾಲ್ ಮಾಡುತ್ತಿದ್ದ. ನನ್ನ ಹತ್ತಿರ 7 ಡಾಲರ್ ಚಿಲ್ಲರೆ, ಅವನ ಹತ್ತಿರ ಸ್ವಲ್ಪ ಜಾಸ್ತಿ. ಕೈಯಲ್ಲಿ ಎರಡು ಏಳು, ಫ್ಲಾಪ್‌ನಲ್ಲಿ (ಟೇಬಲ್ ಮೇಲೆ ಬೀಳುವ ಮೊದಲ ಮೂರು ಕಾರ್ಡ್) ಕಿಂಗ್, ಏಳು, ಎರಡು. ಮೂರು ಸಲ ಬೆಟ್ ಮಾಡಿದೆ, ಮೂರು ಸಲವೂ ಕಾಲ್ ಬಂತು, ರಿವರ್‌ನಲ್ಲಿ (ಕೊನೆಯ ಕಾರ್ಡ್) ಎಲ್ಲಾ ಒಳಗೆ. ಅವನು ತೋರಿಸಿದ್ದು ಕಿಂಗ್ ಜೊತೆ ನಾಲ್ಕು. ನನ್ನ ಸ್ಟ್ಯಾಕ್, ಅಂದರೆ ಟೇಬಲ್ ಮೇಲಿನ ದುಡ್ಡು, 13.60 ಆಯಿತು. ಒಟ್ಟು ಬ್ಯಾಂಕ್‌ರೋಲ್ 128.60. ಅದರ 10 ಪರ್ಸೆಂಟ್ 12.86. ಏಳಬೇಕು! ಆ ಆಸಾಮಿ ಅಷ್ಟರಲ್ಲಿ ಮತ್ತೆ 100 ಬ್ಲೈಂಡ್‌ಗೆ ತುಂಬಿಸಿಕೊಂಡು, ಮುಂದಿನ ಕೈಗೆ ಕಾರ್ಡ್ ನೋಡಿದನೋ ಇಲ್ಲವೋ, ಬೆಟ್ ಏರಿಸಿದ.

ಎದ್ದು, ಐದು ನಿಮಿಷ ಬಿಟ್ಟು 5 ಡಾಲರ್ ಹಿಡಿದುಕೊಂಡು ಅಲ್ಲೇ ಬಂದು ಕೂರೋಣ ಅಂದರೆ ಅದಕ್ಕೂ ಕಲ್ಲು. ಗೆದ್ದದ್ದನ್ನು ಜೇಬಿಗಿಳಿಸಿ ಸಣ್ಣ ಸ್ಟ್ಯಾಕ್‌ನಲ್ಲಿ ಮತ್ತೆ ಕೂರೋದನ್ನು ಸೈಟ್‌ಗಳು ಬಿಡೋದಿಲ್ಲ. ನಿಗದಿತ ಹೊತ್ತಿನೊಳಗೆ ಅದೇ ಟೇಬಲ್‌ಗೆ ಬಂದರೆ ಎದ್ದಾಗ ಇದ್ದಷ್ಟು ಸ್ಟ್ಯಾಕ್ ತಂದಿಡಲೇಬೇಕು. ನಿಯಮ 12.86ರ ಮೇಲೆ ಕೂರಬೇಡ ಅನ್ನುತ್ತದೆ, ಸೈಟ್ 13.60ಕ್ಕಿಂತ ಕಡಿಮೆ ತರಬೇಡ ಅನ್ನುತ್ತದೆ. ಆ ಹೊತ್ತು ಮುಗಿಯೋದರೊಳಗೆ ಆಸಾಮಿ ದುಡ್ಡು ಕಳೆದುಕೊಂಡು ಮನೆಗೆ ಹೋಗಿರುತ್ತಾನೆ, ನಿಮ್ಮ ಕುರ್ಚಿಯಲ್ಲಿ ಕೂತವರಿಗೆ ಕೊಟ್ಟು.

ಕೆಳಗಿನ ಸ್ಟೇಕ್‌ಗಳಲ್ಲಿ ಲಾಭದ ದೊಡ್ಡ ಪಾಲು ಬರೋದೇ ಇಂಥ ಕೆಲವರಿಂದ. ಅವರ ಎಡಗಡೆ ಕುರ್ಚಿ ಸಿಕ್ಕು, ಇಬ್ಬರ ಸ್ಟ್ಯಾಕ್‌ಗಳೂ ದಪ್ಪ ಇದ್ದಾಗ ಆ ಕುರ್ಚಿಗೆ ಬೆಲೆ ಕಟ್ಟೋಕಾಗಲ್ಲ. ಸರಿಯಾಗಿ ಅದೇ ಹೊತ್ತಿಗೆ ಈ ನಿಯಮ ಕಾಲರ್ ಹಿಡಿದು ಎಳೆಯುತ್ತದೆ. ನಿಯಮದ ಹಿಂದಿನ ತರ್ಕ ಸರಿಯೇ ಇದೆ: 270 ಬ್ಲೈಂಡ್ ಒಂದೇ ಕೈಯಲ್ಲಿ ಹೋದರೆ ಬ್ಯಾಂಕ್‌ರೋಲ್‌ನ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ಹೋದಂತೆ. ಒಂದೇ ಟೇಬಲ್ ಆಡುವವರಿಗೆ, ಅದರಲ್ಲೂ ಇವತ್ತು ಕ್ಯಾಶ್, ನಾಳೆ ಸಿಟ್-ಅಂಡ್-ಗೋ ಅಂತ ಬದಲಾಯಿಸುವವರಿಗೆ ಇದು ಹೊಂದುತ್ತದೆ. ಬರೀ ಕ್ಯಾಶ್, ಮೂರು ಟೇಬಲ್, ಟೇಬಲ್ ಆರಿಸಿಕೊಂಡು ಕೂರುವ ನನ್ನಂಥವರಿಗೆ ಕಿರಿಕಿರಿ.

ಶಾಟ್

ಮುಂದಿನ ಸ್ಟೇಕ್‌ನ 25 ಬೈ-ಇನ್ ಆದಾಗ ಮೇಲೆ ಹೋಗು. 3 ಬೈ-ಇನ್ ಹೋದರೆ ಮಾತಿಲ್ಲದೆ ಕೆಳಗಿಳಿ. ಮತ್ತೆ 25 ಆದಾಗ ಮತ್ತೆ ಹೋಗು. ನನ್ನ ಗೆರೆಗಳು ಹೀಗಿದ್ದವು: 250 ಮುಟ್ಟಿದರೆ ಎನ್‌ಎಲ್10, 220ಕ್ಕೆ ಇಳಿದರೆ ವಾಪಸ್. 625 ಮುಟ್ಟಿದರೆ ಎನ್‌ಎಲ್25, 550ಕ್ಕೆ ಇಳಿದರೆ ವಾಪಸ್.

ಇದರ ಸೊಗಸು ಇಳಿಯುವ ಗೆರೆಯಲ್ಲಿದೆ. 550 ಡಾಲರ್ ಅಂದರೆ ಎನ್‌ಎಲ್10ರ 55 ಬೈ-ಇನ್. ಶಾಟ್ ನೆಲಕಚ್ಚಿದ ಮೇಲೂ ನೀವು ಮೊದಲನೇ ಪದ್ಧತಿಯ ಕಟ್ಟುನಿಟ್ಟಿನವರಿಗಿಂತ ಭದ್ರವಾಗಿರುತ್ತೀರಿ. ಕಳೆದ 75 ಡಾಲರ್ ಅನ್ನು ಎನ್‌ಎಲ್10ರಲ್ಲಿ ಅದೇ 5 ಬ್ಲೈಂಡ್ ದರದಲ್ಲಿ ಮತ್ತೆ ದುಡಿಯಲು 15,000 ಕೈ, ಹತ್ತಿರ ಹತ್ತಿರ 67 ಗಂಟೆ. 670ರ ಮುಂದೆ ಇದು ಏನೂ ಅಲ್ಲ.

ಆದರೆ ಶಾಟ್ ಸೋಲುತ್ತದೆ ಅನ್ನೋದನ್ನು ಮೊದಲೇ ಒಪ್ಪಿಕೊಂಡು ಹೋಗಬೇಕು. ಮೇಲಿನ ಸ್ಟೇಕ್‌ನಲ್ಲಿ ನೀವು 100 ಕೈಗೆ 2.5 ಬ್ಲೈಂಡ್ ಗೆಲ್ಲಬಲ್ಲವರೇ ಆಗಿದ್ದರೂ, 5 ಬೈ-ಇನ್ ಗೆಲ್ಲೋಕೆ ಮುಂಚೆ 3 ಕಳೆಯುವ ಸಾಧ್ಯತೆ ಸುಮಾರು 57 ಪರ್ಸೆಂಟ್. ಅರ್ಧಕ್ಕಿಂತ ಜಾಸ್ತಿ! ನನ್ನನ್ನೂ ಎನ್‌ಎಲ್25 ಮೊದಲು ಒದ್ದೇ ಕಳಿಸಿತು. ಗೆದ್ದರೂ ಹಿಗ್ಗಬೇಕಿಲ್ಲ. 5 ಬ್ಲೈಂಡ್ ಗೆಲ್ಲುವ ಆಟಗಾರರೇ 10,000 ಕೈ ಆಡಿದ ಮೇಲೆ ನಷ್ಟದಲ್ಲಿರುವ ಸಾಧ್ಯತೆ 29 ಪರ್ಸೆಂಟ್ ಇರುವಾಗ, ಒಂದು ವಾರದ ಗ್ರಾಫ್ ನೋಡಿ ಏನು ತಾನೇ ಹೇಳೋದು.

ಈ ಪದ್ಧತಿಯ ತೊಂದರೆ ಭಯ. ಎನ್‌ಎಲ್25ರಲ್ಲಿ ಏಸ್-ಕ್ವೀನ್ ಹಿಡಿದು ಕ್ವೀನ್ ಜೋಡಿ ಮಾಡಿಕೊಂಡು ಕೂತಿದ್ದೆ. ರಿವರ್‌ನಲ್ಲಿ ಎದುರಿನವನು ಪಾಟ್‌ನಷ್ಟು ಬೆಟ್ ಇಟ್ಟ. ಎನ್‌ಎಲ್10ರಲ್ಲಾದರೆ ಅದೇ ತರದ ಆಟಗಾರನಿಗೆ ಯೋಚಿಸದೆ ಕಾಲ್ ಮಾಡುತ್ತಿದ್ದೆ. ಇಲ್ಲಿ ಟೈಮರ್ ಮುಗಿಯುತ್ತಾ ಬಂದರೂ ಬೆರಳು ಮೇಲೇಳಲಿಲ್ಲ, ಪರದೆಯ ಮೇಲೆ ಡಾಲರ್ ಚಿಹ್ನೆ ಕುಣಿಯುತ್ತಿತ್ತು. ಅದಕ್ಕೆ ಎರಡು ಮದ್ದು ಸಿಕ್ಕಿದವು. ಒಂದು, ಸ್ಟ್ಯಾಕ್ ಮತ್ತು ಬೆಟ್‌ಗಳನ್ನು ಡಾಲರ್ ಬದಲು ಬಿಗ್ ಬ್ಲೈಂಡ್‌ನಲ್ಲಿ ತೋರಿಸುವ ಸೆಟ್ಟಿಂಗ್ ಹಾಕಿದೆ. ಇನ್ನೊಂದು, ಶಾಟ್ ಹೊತ್ತಿನಲ್ಲಿ ಒಂದು ಟೇಬಲ್ ಮಾತ್ರ ಎನ್‌ಎಲ್25, ಉಳಿದೆರಡು ಎನ್‌ಎಲ್10. ದುಡ್ಡಿನ ಉಬ್ಬರವಿಳಿತ ಕಡಿಮೆಯಾಯಿತು, ಕಾಲ್ ಮಾಡೋ ಕಡೆ ಕಾಲ್ ಮಾಡಿದೆ.

ಕಳೆದಷ್ಟನ್ನು ತಾನಾಗಿ ಸ್ಟ್ಯಾಕ್‌ಗೆ ತುಂಬಿಸುವ ಆಟೋ ಟಾಪ್-ಅಪ್ ಮಾತ್ರ ಶಾಟ್ ಮುಗಿಯೋವರೆಗೆ ಬಂದ್ ಇಡಿ. ಅದು ಚಾಲೂ ಇದ್ದರೆ ಮೂರನೇ ಬೈ-ಇನ್ ಯಾವಾಗ ಮುಗಿಯಿತು ಅನ್ನೋದೇ ತಿಳಿಯೋದಿಲ್ಲ.

ಟೂರ್ನಮೆಂಟ್ ಕಥೆ

ಸಾವಿರಾರು ಜನರ ಟೂರ್ನಮೆಂಟ್‌ನಲ್ಲಿ ಒಂದೇ ರಾತ್ರಿಗೆ ಬ್ಯಾಂಕ್‌ರೋಲ್ ಮೂರು ಪಟ್ಟಾಗೋದು ನಿಜ. ಆದರೆ ಬಹುಮಾನದ ಬಹುಪಾಲು ಮೊದಲ ಕೆಲವು ಸ್ಥಾನಗಳಿಗೆ ಹೋಗುತ್ತದೆ, ಉಳಿದ ರಾತ್ರಿಗಳೆಲ್ಲ ಸಣ್ಣ ನಷ್ಟ. 100 ಬೈ-ಇನ್ ಕೂಡ ಸಾಲದು. ಜೊತೆಗೆ ನಡುರಾತ್ರಿ ಎದ್ದು ಹೋಗೋ ಹಾಗಿಲ್ಲ. ನನಗೆ ಬೆಳಿಗ್ಗೆ ಕೆಲಸ ಇರುತ್ತದೆ. ಬಹುಮಾನದ ಮೊತ್ತವನ್ನು ಅದೃಷ್ಟವೇ ತೀರ್ಮಾನಿಸುವ ಮೂರು ಜನರ ಲಾಟರಿ ಸಿಟ್-ಅಂಡ್-ಗೋಗಳ ಬಗ್ಗೆ ಕೇಳಲೇಬೇಡಿ.

ಯಾರಿಗೆ ಯಾವುದು

ಪೋಕರ್ ದುಡ್ಡಿನಿಂದಲೇ ತಿಂಗಳ ಖರ್ಚು ತೂಗಿಸುವವರಿಗೆ 50 ಬೈ-ಇನ್ ಬಿಟ್ಟು ಬೇರೆ ದಾರಿ ಹೇಳಲಾರೆ. ಕೆಳಗಿಳಿದ ಕೂಡಲೇ ಸಿಟ್ಟು ಬಂದು, "ಇದೆಲ್ಲಾ ಚಿಲ್ಲರೆ ದುಡ್ಡು" ಅಂತ ಮನಸ್ಸಿಗೆ ಬಂದಂತೆ ಆಡುವವರಿಗೂ ಅದೇ ವಾಸಿ, ಯಾಕೆಂದರೆ ಶಾಟ್ ಪದ್ಧತಿಯಲ್ಲಿ ಇಳಿಯೋದು ಪದೇ ಪದೇ ಬರುತ್ತದೆ. 100 ಡಾಲರ್ ಹೋದರೂ ಮುಂದಿನ ತಿಂಗಳು ನೋವಿಲ್ಲದೆ ಇನ್ನೊಂದು 100 ಹಾಕಬಲ್ಲಿರಾದರೆ 25ರ ಬದಲು 20 ಬೈ-ಇನ್‌ಗೇ ಮೇಲೆ ಹೋಗಿ ನೋಡಬಹುದು. ನಾನು ಇನ್ನೊಮ್ಮೆ ಹಾಕೋದಿಲ್ಲ ಅಂತ ತೀರ್ಮಾನಿಸಿದವನು, ಹಾಗಾಗಿ 25 ಬಿಟ್ಟು ಕದಲಲಿಲ್ಲ. ರೇಕ್‌ಬ್ಯಾಕ್ (ರೇಕ್‌ನಲ್ಲಿ ಸೈಟ್ ವಾಪಸ್ ಕೊಡುವ ಪಾಲು) ದುಡ್ಡನ್ನೂ ಬೇರೆ ಇಟ್ಟೆ, ಗೆರೆಯ ಲೆಕ್ಕಕ್ಕೆ ಸೇರಿಸಲಿಲ್ಲ.

ಎನ್‌ಎಲ್50ಕ್ಕೆ ನನ್ನ ಗೆರೆ 1,250 ಡಾಲರ್, ಇಳಿಯುವ ಗೆರೆ 1,100. ಮೊದಲನೇ ಪದ್ಧತಿಯಲ್ಲೇ ಉಳಿದಿದ್ದರೆ ಎನ್‌ಎಲ್25ರಲ್ಲಿ ಕೂರೋದಕ್ಕೇ ಆ 1,250 ಬೇಕಾಗುತ್ತಿತ್ತು.