ಸರಸ್ವತಿಪುರಂನ ಮಕ್ಕಳ ದಂತ ಚಿಕಿತ್ಸಾಲಯ: ಮೊದಲು ರಕ್ತದ ರಿಪೋರ್ಟು, ಆಮೇಲೆ ಬಾಯಿ

ಮೈಸೂರಿನ ಸರಸ್ವತಿಪುರಂನಲ್ಲಿರುವ ಈ ಮಕ್ಕಳ ದಂತ ಚಿಕಿತ್ಸಾಲಯಕ್ಕೆ ನಾವು ಮಂಡ್ಯದಿಂದ ಈವರೆಗೆ ಐದು ಸಲ ಹೋಗಿದ್ದೇವೆ. ಮೊದಲ ಎರಡು ಸಲ ಅಲ್ಲಿನ ವೈದ್ಯೆ ಹಲ್ಲು ಕೀಳದೆ ವಾಪಸು ಕಳಿಸಿದರು. ಕೀಮೋ, ಅಂದರೆ ಕ್ಯಾನ್ಸರಿನ ಔಷಧಿ ಚಿಕಿತ್ಸೆ, ನಡೆಯುತ್ತಿರುವ ಮಕ್ಕಳ ತಂದೆತಾಯಿಯರಿಗೆ ನಾನು ಈ ಜಾಗವನ್ನು ಹೇಳುವುದು ಆ ಎರಡು ಸಲದ ಕಾರಣಕ್ಕೇ.

ಆರು ವರ್ಷದ ನಮ್ಮ ಮಗಳಿಗೆ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ, ಅಂದರೆ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರ್ ಇದೆ. ಕೆಳದವಡೆಯ ಹುಳುಕು ಹಲ್ಲು ನೋಯುತ್ತದೆಂದು ಮೊದಲು ಮನೆಗೆ ಹತ್ತಿರದ ಬೇರೊಂದು ಕ್ಲಿನಿಕ್ಕಿಗೆ ಹೋಗಿದ್ದೆವು. ಕೀಮೋ ವಿಷಯ ಹೇಳಿದ ಮೇಲೂ ಅಲ್ಲಿ ‘ಹಾಲುಹಲ್ಲು ತಾನೆ, ಕಿತ್ತುಬಿಡೋಣ’ ಎಂದು ಇಂಜೆಕ್ಷನ್ ತಯಾರು ಮಾಡಿಕೊಂಡರು. ನಾನು ಮಗುವನ್ನು ಎತ್ತಿಕೊಂಡು ಹೊರಗೆ ಬಂದೆ.

ಸರಸ್ವತಿಪುರಂನಲ್ಲಿ ವೈದ್ಯೆ ಕೇಳಿದ ಮೊದಲ ಪ್ರಶ್ನೆ, ‘ಅಮ್ಮಾ, ಹೊಸ ಸಿಬಿಸಿ ರಿಪೋರ್ಟು ತಂದಿದ್ದೀರಾ?’ ಎಂದು. ಸಿಬಿಸಿ ಅಂದರೆ ರಕ್ತಕಣಗಳ ಎಣಿಕೆಯ ಪರೀಕ್ಷೆ. ಅದರಲ್ಲಿ ಏಎನ್‌ಸಿ (ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳ ಸಂಖ್ಯೆ) 600, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ 32 ಸಾವಿರ ಇತ್ತು. ಏಎನ್‌ಸಿ 1,000ಕ್ಕಿಂತ ಕೆಳಗಿದ್ದಾಗ ಹಲ್ಲಿನ ಸೋಂಕು ರಕ್ತಕ್ಕೆ ಸೇರುವ ಅಪಾಯವಿರುವುದರಿಂದ ತುರ್ತಲ್ಲದ ಕೆಲಸವನ್ನು ಮುಂದೂಡಬೇಕೆಂದೂ, ಪ್ಲೇಟ್‌ಲೆಟ್ 40 ಸಾವಿರಕ್ಕಿಂತ ಕಡಿಮೆಯಿದ್ದರೆ ರಕ್ತ ನಿಲ್ಲುವುದು ಕಷ್ಟವೆಂದೂ ಅವರು ರಿಪೋರ್ಟಿನ ಸಾಲುಗಳ ಮೇಲೆ ಪೆನ್ನಿಟ್ಟು ತೋರಿಸಿದರು. ನಮ್ಮೆದುರಿಗೇ ಕ್ಯಾನ್ಸರ್ ವೈದ್ಯರಿಗೆ ಫೋನ್ ಮಾಡಿ ಮಾತನಾಡಿದರು. ಎರಡನೆಯ ಸಲ ಹೋದಾಗ ಎರಡೂ ಕಡೆಯ ದವಡೆ ನೋಯುತ್ತಿತ್ತು. ಒಂದೊಂದೇ ಹಲ್ಲನ್ನು ತಟ್ಟಿ ನೋಡಿ, ಇದು ಹಲ್ಲುನೋವಲ್ಲ, ವಿನ್‌ಕ್ರಿಸ್ಟಿನ್ ಎಂಬ ಕೀಮೋ ಔಷಧಿ ನರಗಳ ಮೇಲೆ ಮಾಡುವ ಪರಿಣಾಮವೆಂದರು. ನಾಲ್ಕು ದಿನದಲ್ಲಿ ನೋವು ತಾನಾಗಿ ಹೋಯಿತು.

ಮೂರನೆಯ ಸಲ, ಕೌಂಟ್ (ರಕ್ತಕಣಗಳ ಸಂಖ್ಯೆ) ಏರಿದ ಮೇಲೆ, ಮುಂದಿನ ಕೀಮೋ ಡೋಸಿಗೆ ಹತ್ತು ದಿನ ಇರುವಂತೆ ನೋಡಿಕೊಂಡು, ಹುಳುಕು ಹಲ್ಲನ್ನು ತೆಗೆದರು. ಕೊನೆಗೆ ಕಿತ್ತದ್ದು ಅದೇ ಹಲ್ಲನ್ನೇ, ನಿಜ; ಆದರೆ ಕಿತ್ತ ದಿನ ಬೇರೆ.

ನಾಲ್ಕನೆಯ ಭೇಟಿ ಬಾಯಿಹುಣ್ಣಿಗಾಗಿ. ಮೆಥೊಟ್ರೆಕ್ಸೇಟ್ ಎಂಬ ಕೀಮೋ ಔಷಧಿ ಕೊಟ್ಟ ವಾರದೊಳಗೆ ಮಗಳ ತುಟಿಯ ಒಳಭಾಗ, ನಾಲಿಗೆಯ ಅಂಚು ಎಲ್ಲ ಸುಲಿದಂತಾಗಿ, ಉಗುಳು ನುಂಗಲಾರದೆ ಮಗು ಬಾಯಿಗೆ ಕರವಸ್ತ್ರ ಒತ್ತಿಕೊಂಡೇ ಕೂತಿರುತ್ತಿದ್ದಳು. ಅತ್ತೆಯವರು ಪದ್ಧತಿಯಂತೆ ಬಿಳಿಗಾರವನ್ನು ಜೇನಿನಲ್ಲಿ ತೇದು ಹಚ್ಚಲು ಹೊರಟಿದ್ದರು. ವೈದ್ಯೆ ಅವರನ್ನೂ ಒಳಗೆ ಕರೆದು ಕೂರಿಸಿ, ಬಿಳಿಗಾರ ಹೊಟ್ಟೆಗೆ ಹೋದರೆ ವಿಷವೆಂದು ಸಮಾಧಾನದಿಂದಲೇ ತಿಳಿಸಿದರು. ಅದರ ಬದಲು ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಕಾಲು ಚಮಚ ಅಡುಗೆ ಸೋಡ, ಅದರರ್ಧ ಉಪ್ಪು ಬೆರೆಸಿ ದಿನಕ್ಕೆ ಹಲವು ಸಲ ಮುಕ್ಕಳಿಸಿ ಉಗುಳಿಸಬೇಕು. ಆಲ್ಕೋಹಾಲ್ ಇರುವ ಮೌತ್‌ವಾಶ್ ತರಲೇಬಾರದು. ತೀರ ಮೆತ್ತನೆಯ ಬ್ರಷ್ಷಿನಲ್ಲಿ ಉಜ್ಜುವುದನ್ನು ನಿಲ್ಲಿಸಬಾರದು. ರಕ್ತ ಬಂದೀತೆಂಬ ಹೆದರಿಕೆಯಿಂದ ನಾನು ಮೂರು ವಾರ ಬ್ರಷ್ ಬಿಡಿಸಿದ್ದೆ, ಅದು ತಪ್ಪಾಗಿತ್ತು. ಬಿಸಿ ಆರಿಸಿದ ರಾಗಿ ಅಂಬಲಿ ಮತ್ತು ಮೆದುವಾಗಿ ಕಿವಿಚಿದ ಮೊಸರನ್ನ ಆ ದಿನಗಳಲ್ಲಿ ನಮ್ಮನ್ನು ಕಾಪಾಡಿದವು. ಕೌಂಟ್ ಏರುತ್ತಿದ್ದಂತೆ ಹುಣ್ಣೂ ಮಾಯ್ದವು.

ಕೊರತೆಗಳಿವೆ. ಚಿಕಿತ್ಸಾಲಯ ಮೊದಲ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ನಡೆಯಲು ತ್ರಾಣವಿಲ್ಲದ ಮಗುವನ್ನು ಎತ್ತಿಕೊಂಡೇ ಹತ್ತಬೇಕು. ಕಾಯುವ ಕೋಣೆ ಕಿರಿದು, ನೆಗಡಿ ಕೆಮ್ಮಿನ ಮಕ್ಕಳೂ ಅಲ್ಲೇ ಇರುತ್ತಾರೆ. ಹತ್ತು ಗಂಟೆಗೆ ಬರಹೇಳಿ ಹನ್ನೊಂದೂಕಾಲಿಗೆ ಕರೆದದ್ದೂ ಉಂಟು. ಕೇಳಿಕೊಂಡ ಮೇಲೆ ಬೆಳಗಿನ ಮೊದಲ ಸರದಿಯನ್ನು ನಮಗೆ ಕೊಡುತ್ತಿದ್ದಾರೆ. ಕೇಳುವ ಮೊದಲೇ ಕೊಡಬಹುದಿತ್ತು.

ಐದನೆಯ ಸಲ ಫ್ಲೋರೈಡ್ ಹಚ್ಚಿ, ಚಿಕ್ಕ ವಯಸ್ಸಿನಲ್ಲಿ ಕೀಮೋ ಪಡೆದವರಲ್ಲಿ ಕೆಲವರಿಗೆ ಶಾಶ್ವತ ಹಲ್ಲು ಮೂಡದಿರಬಹುದು ಅಥವಾ ಬೇರು ಗಿಡ್ಡವಾಗಬಹುದು ಎಂದು ಹೇಳಿ, ಮುಂದೆ ಎಕ್ಸ್-ರೇ ತೆಗೆದು ನೋಡೋಣವೆಂದರು. ಮುಂದಿನ ಹಲ್ಲು ಅಲ್ಲಾಡುತ್ತಿರುವುದನ್ನು ಮಗಳು ತಾನೇ ತೋರಿಸಿದಾಗ, ‘ಬೆರಳಲ್ಲಿ ಆಡಿಸಬೇಡ ಪುಟ್ಟಿ, ಅದಾಗೇ ಬೀಳಲಿ’ ಎಂದು ಕಳಿಸಿದರು. ಅದಿನ್ನೂ ಬಿದ್ದಿಲ್ಲ.